ಹಲ್ಲುನೋವಿಗೆ ಹೋದಾಗ ಕಂಡ ಬಿಳಿಯ ಮಚ್ಚೆ

ಕಾಸರಗೋಡಿನ ನಮಗೆ ಅಡಿಕೆಯೇ ಅನ್ನ. ಆದುದರಿಂದ ಈ ಮಾತನ್ನು ಬರೆಯಲು ಸಂಕೋಚ. ಕಳೆದ ವರ್ಷ ಹಲ್ಲುನೋವಿಗೆಂದು ಹೋದಾಗ ದಂತವೈದ್ಯರು ಹಲ್ಲನ್ನಷ್ಟೇ ನೋಡಿ ಬಿಡಲಿಲ್ಲ. ನಾಲಗೆಯ ಅಂಚು, ಅದರ ಅಡಿ, ಕೆನ್ನೆಯ ಒಳಭಾಗಗಳನ್ನೂ ಪರೀಕ್ಷಿಸಿ, ನಾನು ವೀಳ್ಯ ಒತ್ತರಿಸುವ ಕಡೆಯಲ್ಲೇ ಬಿಳಿಯ ಮಚ್ಚೆಯೊಂದನ್ನು ಕಂಡರು. ನೋವಿರಲಿಲ್ಲ. ಹೊಗೆಸೊಪ್ಪು ಮುಟ್ಟದವನೆಂಬ ಜಂಬ ನನ್ನದು. ಬರಿಯ ಅಡಿಕೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2004ರಲ್ಲೇ ಸಾರಿದ್ದಾರಂತೆ! ಚೂರು ತೆಗೆದು ನೋಡಿದಾಗ ಅರ್ಬುದವಿರಲಿಲ್ಲ, ವೀಳ್ಯ ಬಿಟ್ಟೆ. (ಊಟವಾದೊಡನೆ ಕೈ ಇನ್ನೂ ಹರಿವಾಣದತ್ತ ಚಾಚುತ್ತದೆ.)

ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದ ಫಲ 2005ರಲ್ಲಿ ಪ್ರಕಟವಾಯಿತು: ಇಂತಹ ಬರಿಗಣ್ಣಿನ ಪರೀಕ್ಷೆಯಿಂದ ಹೊಗೆಸೊಪ್ಪು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಅರ್ಬುದದ ಸಾವು ಮೂರನೆಯ ಒಂದರಷ್ಟು ಇಳಿದಿತ್ತು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡರೆ ನೋವು ಬರಲೆಂದು ಕಾಯದಿರಿ.

ನನ್ನ ತಾಯಿ ಎಂದೂ ವೈದ್ಯರಿಗೆ ಬಾಯಿ ತೋರಿಸಿದವರಲ್ಲ. ಬರುವ ಸೋಮವಾರ ಅವರನ್ನು ಕರೆದೊಯ್ಯುವವನಿದ್ದೇನೆ.