ಮುದ್ರೆಯನ್ನು ಓದುವ ಜೀವಕೋಶ

ಕಡೂರಿನಿಂದ ಬೀರೂರನ್ನು ಹಾದು ಅಜ್ಜಂಪುರದ ಕಡೆಗೆ ಸಾಗುವವರಿಗೆ ವಿಶಾಲವಾದ ಹುಲ್ಲುಗಾವಲುಗಳು ಕಾಣಸಿಗುತ್ತವೆ. ಇವುಗಳಿಗೆ ಈ ಸೀಮೆಯ ಜನ ಇಟ್ಟ ಹೆಸರು ‘ಕಾವಲು’. ಕಡೂರು ತಾಲ್ಲೂಕಿನ ಬಾಸೂರು ಕಾವಲು ಇಂದು ಕೃಷ್ಣಮೃಗಗಳಿಗೆ ಹೆಸರಾಗಿದ್ದರೂ ಮೂಲತಃ ಅದು ಅಮೃತಮಹಲ್ ದನಗಳ ಮೇವಿನ ನೆಲ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಕರೆದ ಈ ಹಿಂಡಿಗೆ ಅಮೃತಮಹಲ್ ಎಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನ. ಒಡೆಯರು ತಮ್ಮ ಹೆಸರಿನ ‘ದೇ’ ಅಕ್ಷರವನ್ನು ದನಗಳಿಗೆ ಮುದ್ರೆಯಾಗಿ ಹಾಕಿಸುತ್ತಿದ್ದರೆಂಬ ಹೇಳಿಕೆಯುಂಟು. ಮೇಯುವ ದನ ಅರಮನೆಯದೋ ಪರರದೋ ಎಂಬುದನ್ನು ಆ ಮುದ್ರೆಯೇ ಹೇಳಬೇಕು.

ಮಾನವಶರೀರದಲ್ಲಿಯೂ ಇಂತಹುದೇ ಒಂದು ಏರ್ಪಾಡು ಇದೆ. ದೇಹದ ಬಹುತೇಕ ಎಲ್ಲ ಜೀವಕೋಶಗಳೂ ತಮ್ಮ ಹೊರಮೈಯಲ್ಲಿ ಎಚ್.ಎಲ್.ಎ. ಎಂಬ ಪ್ರೋಟೀನುಗಳನ್ನು ಮುದ್ರೆಯಂತೆ ಧರಿಸಿರುತ್ತವೆ. ರೋಗನಿರೋಧಕ ಪಡೆಯ ಟಿ-ಕೋಶಗಳು ಆ ಮುದ್ರೆಯೊಳಗೆ ಪರಕೀಯ ವಸ್ತುವಿನ ತುಣುಕೇನಾದರೂ ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ಆದರೆ ವೈರಸ್ಸುಗಳೂ ಅರ್ಬುದ ಕೋಶಗಳೂ ಜಾಣತನದಲ್ಲಿ ಕಡಿಮೆಯಲ್ಲ. ಹಲವು ವೇಳೆ ಮುದ್ರೆಯನ್ನೇ ಅಳಿಸಿಕೊಂಡು ಟಿ-ಕೋಶಗಳ ಕಣ್ಣಿಗೆ ಬೀಳದಂತೆ ತಲೆಮರೆಸಿಕೊಳ್ಳುತ್ತವೆ. ಅಲ್ಲಿ ನೆರವಿಗೆ ಬರುವುವು ಸಹಜ ಮಾರಕ ಕೋಶಗಳು. 1975ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ಕೀಸ್ಲಿಂಗ್, ಈವಾ ಕ್ಲೈನ್ ಮೊದಲಾದವರು ಇಲಿಗಳಲ್ಲಿ ಇವನ್ನು ವಿವರಿಸಿದರು. ಪೂರ್ವಸಿದ್ಧತೆಯಿಲ್ಲದೆಯೇ ಅರ್ಬುದ ಕೋಶಗಳನ್ನು ಕೊಲ್ಲಬಲ್ಲವಾದುದರಿಂದ ಈ ಹೆಸರು. ಅವು ಹಗೆಯನ್ನು ಗುರುತಿಸುವ ಬಗೆ ಮಾತ್ರ ಬಹುಕಾಲ ಒಗಟಾಗಿಯೇ ಉಳಿದಿತ್ತು. ಅದೇ ಸಂಸ್ಥೆಯ ಕ್ಲಾಸ್ ಕ್ಯಾರೆ ತಮ್ಮ ಸಂಗಡಿಗರೊಡನೆ 1986ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟ ಉತ್ತರ ಸರಳವೂ ಅನಿರೀಕ್ಷಿತವೂ ಆಗಿತ್ತು: ಈ ಕೋಶಗಳು ಹುಡುಕುವುದು ಪರರ ಗುರುತನ್ನಲ್ಲ, ತಮ್ಮವರ ಗುರುತಿನ ಅಭಾವವನ್ನು.

ಮುದ್ರೆ ಇದೆಯೋ ಇಲ್ಲವೋ ಎಂದು ಓದುವ ಗ್ರಾಹಕಗಳನ್ನು ರೂಪಿಸುವ ವಂಶವಾಹಿಗಳಿಗೆ ಕೆ.ಐ.ಆರ್. ಎಂದು ಹೆಸರು. ಮನುಷ್ಯನ 19ನೆಯ ವರ್ಣತಂತುವಿನಲ್ಲಿ ಇವು ಒತ್ತೊತ್ತಾಗಿ ಸಾಲುಗೂಡಿವೆ. ಇವುಗಳಲ್ಲಿ ಕೆಲವು ಕೊಲ್ಲುವ ಕೈಯನ್ನು ತಡೆಯುತ್ತವೆ, ಕೆಲವು ಪ್ರಚೋದಿಸುತ್ತವೆ. ಕೆಂಪು ರಕ್ತಕಣಗಳಿಗೆ ಈ ಮುದ್ರೆ ಇಲ್ಲವೆಂಬಷ್ಟು ಕಡಿಮೆ. ಹಾಗಿದ್ದರೂ ಅವೇಕೆ ಬದುಕಿ ಉಳಿಯುತ್ತವೆ ಎಂದು ತರಗತಿಯಲ್ಲಿ ಚುರುಕಾದ ಹುಡುಗನೊಬ್ಬ ಕೇಳಿಯಾನು. ತಡೆ ಇಲ್ಲದ ಮಾತ್ರಕ್ಕೆ ಕೊಲೆ ನಡೆಯದು, ಪ್ರಚೋದನೆಯೂ ಬೇಕು. ಅದನ್ನು ಕೆಂಪು ಕಣಗಳು ಒದಗಿಸುವುದಿಲ್ಲವೆಂಬುದೇ ಅವನಿಗೆ ಉತ್ತರ.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದಿದೆ. ಮುದ್ರೆಯ ವಂಶವಾಹಿಗಳಿರುವುದು 6ನೆಯ ವರ್ಣತಂತುವಿನಲ್ಲಿ, ಓದುವ ವಂಶವಾಹಿಗಳಿರುವುದು 19ನೆಯದರಲ್ಲಿ. ಎರಡೂ ಬೇರೆಬೇರೆಯಾಗಿಯೇ ಮಕ್ಕಳಿಗೆ ಬರುತ್ತವೆ. ಆದುದರಿಂದ ಒಬ್ಬನಲ್ಲಿ ಓದುಗನಿದ್ದು ಅಕ್ಷರವಿಲ್ಲದಿರಬಹುದು, ಅಕ್ಷರವಿದ್ದು ಓದುಗನಿಲ್ಲದಿರಬಹುದು. ಎಷ್ಟು ಕೆ.ಐ.ಆರ್. ವಂಶವಾಹಿಗಳಿವೆ ಎಂಬ ಎಣಿಕೆಯೇ ಒಬ್ಬರಿಂದೊಬ್ಬರಿಗೆ ಬೇರೆಯಾಗುತ್ತದೆ. ಸ್ಥೂಲವಾಗಿ ಇವನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಪ್ರಚೋದಕಗಳು ಹೆಚ್ಚಾಗಿರುವ ‘ಬಿ’ ಗುಂಪು ಜಪಾನೀಯರಲ್ಲಿ ವಿರಳ, ಭಾರತೀಯರಲ್ಲಿ ಹೇರಳ.

ಈ ಭೇದ ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ಗರ್ಭಕೋಶದಲ್ಲಿ ನೆಲೆಸಿರುವ ಮಾರಕ ಕೋಶಗಳು, ಹೆಸರಿಗೆ ವಿರುದ್ಧವಾಗಿ, ಕೊಲ್ಲುವುದಿಲ್ಲ. ಮಾಸಿಗೆ ರಕ್ತವನ್ನು ತಲಪಿಸುವ ನಾಳಗಳು ಅಗಲವಾಗುವಂತೆ ನೆರವಾಗುತ್ತವೆ. ತಾಯಿಯಲ್ಲಿ ‘ಎ’ ಗುಂಪು ಮಾತ್ರವಿದ್ದು, ಮಗುವಿಗೆ ತಂದೆಯಿಂದ ಸಿ-2 ಎಂಬ ಬಗೆಯ ಮುದ್ರೆ ಬಂದಿದ್ದರೆ ತಡೆ ಬಲವಾಗಿ ಈ ಕಾರ್ಯ ಕುಂಠಿತವಾಗಬಹುದು. ಅಂತಹ ಬಸುರಿಯರಲ್ಲಿ ರಕ್ತದೊತ್ತಡ ಏರುವ ನಂಜಿನ ಅಪಾಯ ಹೆಚ್ಚೆಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ರಕ್ತದ ಅರ್ಬುದಕ್ಕೆ ಅಸ್ಥಿಮಜ್ಜೆಯನ್ನು ಕಸಿಮಾಡುವಾಗಲಂತೂ ದಾನಿಯ ಮಾರಕ ಕೋಶಗಳಿಗೆ ರೋಗಿಯ ಮುದ್ರೆ ಓದಲಾಗದಿರುವುದೇ ಕೆಲವೊಮ್ಮೆ ವರವಾಗುತ್ತದೆ. ಉಳಿದ ಅರ್ಬುದ ಕೋಶಗಳನ್ನು ಅವು ನಾಶಮಾಡುತ್ತವೆಂದು ಇಟಲಿಯ ಪೆರೂಜಾದ ವೈದ್ಯರು 2002ರಲ್ಲಿ ವರದಿ ಮಾಡಿದರು.

ಇನ್ನು ಕಾವಲಿನ ದನಗಳಿಗೆ ಮರಳಬಹುದು. ಹೋಲಿಕೆಗಾಗಿ ಮಾತ್ರವೇ ಅವುಗಳ ಪ್ರಸ್ತಾಪ ಬಂದುದಲ್ಲ. ಇಲಿಗಳು ಇದೇ ಕೆಲಸಕ್ಕೆ ಬೇರೊಂದು ಜಾತಿಯ ಗ್ರಾಹಕಗಳನ್ನು ಬಳಸುತ್ತವೆ. ಕೆ.ಐ.ಆರ್. ವಂಶವಾಹಿಗಳನ್ನು ಹೀಗೆ ಬಹುಸಂಖ್ಯೆಯಲ್ಲಿ ಬೆಳೆಸಿಕೊಂಡ, ವಾನರಕುಲಕ್ಕೆ ಸೇರದ ಕೆಲವೇ ಪ್ರಾಣಿಗಳಲ್ಲಿ ಗೋವು ಒಂದು. ಅದೂ ಮನುಷ್ಯನ ದಾರಿಯಲ್ಲಲ್ಲ. ಪುರಾತನ ಪೂರ್ವಜನಲ್ಲಿದ್ದ ಎರಡು ಕವಲುಗಳಲ್ಲಿ ಮನುಷ್ಯ ಒಂದನ್ನು ಬೆಳೆಸಿಕೊಂಡರೆ ಹಸು ಮುಖ್ಯವಾಗಿ ಇನ್ನೊಂದನ್ನು ಬೆಳೆಸಿಕೊಂಡಿತೆಂದು 2007ರ ಸಂಶೋಧನೆ ತೋರಿಸಿತು. ಹಸು ಬೆಳೆಸಿದ ಕವಲಿನ ವಂಶವಾಹಿ ಮಾನವನಲ್ಲಿ ಒಂದೇ ಒಂದು ಉಳಿದಿದೆ.

ಇಂತಹ ವಂಶವಾಹಿಗಳ ಬೆಲೆ ಇರುವುದು ಅವುಗಳ ವೈವಿಧ್ಯದಲ್ಲಿ. ಹಿಂಡು ಕುಗ್ಗಿ ಕೆಲವೇ ಹೋರಿಗಳ ಸಂತತಿಯಾದಾಗ ಮೊದಲು ಸದ್ದಿಲ್ಲದೆ ಕರಗುವುದು ಅದೇ. ಹೊರತಳಿಯ ಮಿಶ್ರಣದಿಂದ ಹಾಲು ಹೆಚ್ಚಬಹುದಾದರೂ ಅಳಿದ ರೂಪ ಮರಳಿ ಬಾರದು. ಅಜ್ಜಂಪುರದಲ್ಲಿ ಶುದ್ಧ ತಳಿಯನ್ನು ಹಿಂಡಾಗಿಯೇ ಉಳಿಸಿಕೊಂಡು ಬರುವ ಕೆಲಸದಲ್ಲಿ ಕೊಂಬಿನ ಅಂದ, ಎತ್ತಿನ ಓಟಗಳ ಜೊತೆಗೆ, ಕಣ್ಣಿಗೆ ಕಾಣದ ಈ ಅಕ್ಷರಗಳೂ ಅವನ್ನು ಓದುವ ಗ್ರಾಹಕಗಳೂ ಉಳಿಯುತ್ತಿವೆ.