ಪ್ಲಗ್-ಇನ್ ಹೈಬ್ರಿಡ್ ಕುಟುಂಬದ ಕಾರು: ಲಾಭವಿರುವುದು ಮನೆಯ ಪ್ಲಗ್ಗಿನಲ್ಲಿ

ಕುಟುಂಬಕ್ಕೊಂದು ಕಾರು ಕೊಳ್ಳಲು ಹೊರಟವರನ್ನು ಇಂದು ಎರಡು ಚಿಂತೆಗಳು ಕಾಡುತ್ತವೆ. ಪೆಟ್ರೋಲ್ ಕಾರಾದರೆ ಇಂಧನದ ವೆಚ್ಚ ಹೆಚ್ಚು. ಪೂರ್ಣ ವಿದ್ಯುತ್ ಕಾರಾದರೆ ದೂರದ ಪ್ರಯಾಣದಲ್ಲಿ ನಡುದಾರಿಯಲ್ಲಿ ನಿಂತೀತೆಂಬ ಅಳುಕು. ಇವೆರಡಕ್ಕೂ ಪರಿಹಾರವೆಂದು ಮುಂದಿಡಲಾಗುತ್ತಿರುವುದೇ ಪ್ಲಗ್-ಇನ್ ಹೈಬ್ರಿಡ್ ಕಾರು. ಆದರೆ ಈ ಕಾರು ನಿಜಕ್ಕೂ ಹಣ ಉಳಿಸುವುದೇ ಎಂಬ ಪ್ರಶ್ನೆಗೆ ಉತ್ತರ, ಕಾರಿಗಿಂತ ಹೆಚ್ಚಾಗಿ ಅದರ ಮಾಲೀಕನ ಅಭ್ಯಾಸವನ್ನು ಅವಲಂಬಿಸಿದೆ. ಕಳೆದ ಹದಿನೈದು ವರ್ಷಗಳ ವಿದೇಶಿ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ.

ಸಾಮಾನ್ಯ ಹೈಬ್ರಿಡ್‌ಗಿಂತ ಹೇಗೆ ಭಿನ್ನ?

ಸಾಮಾನ್ಯ ಹೈಬ್ರಿಡ್ ಕಾರಿನಲ್ಲಿರುವ ಸಣ್ಣ ಬ್ಯಾಟರಿಯು ಎಂಜಿನ್‌ನಿಂದಲೂ ಬ್ರೇಕ್ ಹಾಕುವಾಗ ಮರಳಿ ಪಡೆಯುವ ಶಕ್ತಿಯಿಂದಲೂ ತುಂಬುತ್ತದೆ. ಅದನ್ನು ಹೊರಗಿನಿಂದ ಚಾರ್ಜ್ ಮಾಡುವ ಅವಕಾಶವಿಲ್ಲ. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿ ಈ ವರ್ಗಕ್ಕೆ ಸೇರುತ್ತದೆ. ಪ್ಲಗ್-ಇನ್ ಹೈಬ್ರಿಡ್‌ನಲ್ಲಿ ಬ್ಯಾಟರಿ ದೊಡ್ಡದು. ಹಲವು ಮಾದರಿಗಳಲ್ಲಿ ಅದು 10ರಿಂದ 20 ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿದರೆ ಮರುದಿನದ ಮೊದಲ 40ರಿಂದ 80 ಕಿ.ಮೀ. ದೂರವನ್ನು ಬಹುಮಟ್ಟಿಗೆ ವಿದ್ಯುತ್ತಿನಲ್ಲೇ ಕ್ರಮಿಸಬಹುದು. ಅನಂತರ ಪೆಟ್ರೋಲ್ ಎಂಜಿನ್ ಕೆಲಸ ವಹಿಸಿಕೊಳ್ಳುತ್ತದೆ ಮತ್ತು ಕಾರು ಸಾಮಾನ್ಯ ಹೈಬ್ರಿಡ್‌ನಂತೆ ಮುಂದುವರಿಯುತ್ತದೆ.

ಚಾರ್ಜಿಂಗ್‌ಗೆ ವಿಶೇಷ ಕೇಂದ್ರವೇನೂ ಬೇಕಿಲ್ಲ. ಗೀಸರ್‌ಗೆ ಬಳಸುವಂಥ ಪವರ್ ಪ್ಲಗ್‌ನಿಂದ ಗಂಟೆಗೆ ಸುಮಾರು 3 ಯೂನಿಟ್ ಪಡೆಯಬಹುದು. ಅಂದರೆ 15 ಯೂನಿಟ್ ಬ್ಯಾಟರಿ ಐದಾರು ಗಂಟೆಗಳಲ್ಲಿ ತುಂಬುತ್ತದೆ. ಗಂಟೆಗಟ್ಟಲೆ ಪೂರ್ಣ ಹೊರೆ ಇರುವುದರಿಂದ ಪ್ರತ್ಯೇಕ ತಂತಿ ಮತ್ತು ಸರಿಯಾದ ಅರ್ತಿಂಗ್ ಮಾತ್ರ ಅಗತ್ಯ.

ಎರಡು ಅನುಭವಗಳು

2010ರ ಡಿಸೆಂಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಷೆವರ್ಲೆ ವೋಲ್ಟ್ ಈ ವರ್ಗದ ಪ್ರಮುಖ ಆರಂಭಿಕ ಕಾರುಗಳಲ್ಲೊಂದು. 16 ಯೂನಿಟ್ ಬ್ಯಾಟರಿಯ ಈ ಕಾರು ವಿದ್ಯುತ್ತಿನಲ್ಲಿ ಸುಮಾರು 56 ಕಿ.ಮೀ. ಓಡುತ್ತದೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಮಾಣೀಕರಿಸಿತ್ತು. ಇಡಾಹೊ ರಾಷ್ಟ್ರೀಯ ಪ್ರಯೋಗಾಲಯವು ಇಂಥ ಕಾರುಗಳ ಓಟದ ದಾಖಲೆಗಳನ್ನು ಪರಿಶೀಲಿಸಿದಾಗ, ಒಟ್ಟು ದೂರದ ಸುಮಾರು ನಾಲ್ಕನೆಯ ಮೂರು ಪಾಲು ವಿದ್ಯುತ್ತಿನಲ್ಲೇ ಕ್ರಮಿಸಲ್ಪಟ್ಟಿದ್ದು ಕಂಡುಬಂದಿತು. ಇವುಗಳ ಮಾಲೀಕರು ತಮ್ಮ ಹಣದಿಂದ ಕಾರು ಕೊಂಡು, ಮನೆಯಲ್ಲಿ ಚಾರ್ಜಿಂಗ್ ವ್ಯವಸ್ಥೆ ಮಾಡಿಕೊಂಡವರಾಗಿದ್ದರು.

ನೆದರ್‌ಲೆಂಡ್ಸ್‌ನಲ್ಲಿ ಇದಕ್ಕೆ ವ್ಯತಿರಿಕ್ತವಾದುದು ಸಂಭವಿಸಿತು. ಕಂಪನಿ ನೀಡುವ ಕಾರನ್ನು ಸ್ವಂತಕ್ಕೂ ಬಳಸುವ ನೌಕರನಿಗೆ ಕಾರಿನ ಬೆಲೆಯ ಒಂದಂಶವನ್ನು ಆದಾಯವೆಂದು ಪರಿಗಣಿಸಿ ತೆರಿಗೆ ವಿಧಿಸುವ ಪದ್ಧತಿ ಅಲ್ಲಿದೆ. 2013ರಲ್ಲಿ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಈ ಅಂಶ ಶೂನ್ಯವಾಗಿತ್ತು. 2014ರಿಂದ ಅದು ಶೇ. 7ರಷ್ಟಿತ್ತು. ಇದರ ಪರಿಣಾಮವಾಗಿ ಮಿತ್ಸುಬಿಷಿ ಔಟ್‌ಲ್ಯಾಂಡರ್‌ನಂಥ ಕಾರುಗಳು ಭಾರಿ ಸಂಖ್ಯೆಯಲ್ಲಿ ಮಾರಾಟವಾದವು. 100 ಕಿ.ಮೀ.ಗೆ 1.9 ಲೀಟರ್ ಪೆಟ್ರೋಲ್ ಸಾಕೆಂಬುದು ಆ ಕಾರಿನ ಅಧಿಕೃತ ಲೆಕ್ಕ. ಆದರೆ ಪೆಟ್ರೋಲಿನ ಬಿಲ್ಲು ಕಂಪನಿಯ ಇಂಧನ ಕಾರ್ಡಿನಲ್ಲಿ ಸಂದಾಯವಾಗುತ್ತಿದ್ದ ನೌಕರನಿಗೆ, ಪ್ರತಿ ಸಂಜೆ ತಂತಿ ಬಿಚ್ಚಿ ಪ್ಲಗ್ಗಿಗೆ ಸಿಕ್ಕಿಸುವ ಶ್ರಮಕ್ಕೆ ಪ್ರತಿಫಲವಿರಲಿಲ್ಲ. ಸರ್ಕಾರ ಈ ಪ್ರಮಾಣವನ್ನು 2016ರಲ್ಲಿ ಶೇ. 15ಕ್ಕೆ ಹಾಗೂ 2017ರಲ್ಲಿ ಇತರ ಕಾರುಗಳಂತೆಯೇ ಶೇ. 22ಕ್ಕೆ ಏರಿಸಿದಾಗ ಮಾರಾಟ ಕುಸಿಯಿತು.

ಇದು ಒಂದು ದೇಶಕ್ಕೆ ಸೀಮಿತವಾದ ಕಥೆಯಲ್ಲ. ಶುದ್ಧ ಸಾರಿಗೆ ಕುರಿತ ಅಂತರರಾಷ್ಟ್ರೀಯ ಮಂಡಳಿಯು ಸುಮಾರು ಒಂದು ಲಕ್ಷ ಕಾರುಗಳ ಮಾಹಿತಿ ಆಧರಿಸಿ 2020ರಲ್ಲಿ ಒಂದು ವರದಿ ಪ್ರಕಟಿಸಿತು. ಅಧಿಕೃತ ಪರೀಕ್ಷೆಯ ಪ್ರಕಾರ ಈ ಕಾರುಗಳು ಶೇ. 69ರಷ್ಟು ದೂರವನ್ನು ವಿದ್ಯುತ್ತಿನಲ್ಲಿ ಓಡಬೇಕಿತ್ತು. ವಾಸ್ತವದಲ್ಲಿ ಖಾಸಗಿ ಕಾರುಗಳಲ್ಲಿ ಅದು ಶೇ. 37, ಕಂಪನಿ ಕಾರುಗಳಲ್ಲಿ ಕೇವಲ ಶೇ. 20 ಆಗಿತ್ತು. ಈ ಕಾರುಗಳ ನೈಜ ಇಂಗಾಲ ಹೊರಸೂಸುವಿಕೆಯು ಪರೀಕ್ಷಾ ಅಂಕಿಗಿಂತ ಸರಾಸರಿ 3.5 ಪಟ್ಟು ಹೆಚ್ಚೆಂದು ಯುರೋಪಿಯನ್ ಆಯೋಗವೂ 2024ರಲ್ಲಿ ತಿಳಿಸಿತು.

ಮನೆಯ ಲೆಕ್ಕ

ವ್ಯಾಪಾರಸ್ಥರಿಗೆ ಒಪ್ಪುವ ರೀತಿಯಲ್ಲಿ ಇದನ್ನು ಲೆಕ್ಕಕ್ಕಿಳಿಸಬಹುದು. ಒಂದು ಕುಟುಂಬದ ಕಾರು ವರ್ಷಕ್ಕೆ 300 ದಿನ, ದಿನಕ್ಕೆ 40 ಕಿ.ಮೀ. ಓಡುತ್ತದೆಂದು ಭಾವಿಸೋಣ. ಒಂದು ಯೂನಿಟ್‌ಗೆ 5 ಕಿ.ಮೀ., ಯೂನಿಟ್ ದರ 7 ರೂ. ಎಂದು ಹಿಡಿದರೆ ದಿನದ ಖರ್ಚು 56 ರೂ. ಅದೇ ದೂರವನ್ನು ಲೀಟರಿಗೆ 15 ಕಿ.ಮೀ. ಹಾಗೂ ಲೀಟರಿಗೆ 100 ರೂ. ಲೆಕ್ಕದಲ್ಲಿ ಪೆಟ್ರೋಲಿನಲ್ಲಿ ಓಡಿಸಿದರೆ ಸುಮಾರು 267 ರೂ. ದಿನಕ್ಕೆ 211 ರೂ., ವರ್ಷಕ್ಕೆ ಸುಮಾರು 63,000 ರೂ. ಉಳಿತಾಯ.

ಈ ಕಾರಿಗೆ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ 5 ಲಕ್ಷ ರೂ. ಹೆಚ್ಚು ತೆತ್ತಿದ್ದರೆ, ಬಡ್ಡಿಯನ್ನು ಬಿಟ್ಟರೂ ಅಸಲು ಮರಳಲು ಸುಮಾರು ಎಂಟು ವರ್ಷ ಬೇಕು. ಎರಡು ದಿನಕ್ಕೊಮ್ಮೆ ಮಾತ್ರ ಚಾರ್ಜ್ ಮಾಡಿದರೆ ಹದಿನಾರು ವರ್ಷ. ಚಾರ್ಜ್ ಮಾಡದೇ ಇದ್ದರೆ ಈ ಉಳಿತಾಯವೇ ಇಲ್ಲ. ಭಾರವಾದ ಬ್ಯಾಟರಿಯನ್ನು ಪೆಟ್ರೋಲ್ ಸುಟ್ಟು ಹೊತ್ತು ತಿರುಗಿದಂತಾಗುತ್ತದೆ. ವೋಲ್ಟ್ ಬ್ಯಾಟರಿಗೆ ನೀಡಲಾಗಿದ್ದ ಖಾತರಿಯ ಅವಧಿಯೂ ಎಂಟು ವರ್ಷ ಎಂಬುದು ಇಲ್ಲಿ ಗಮನಾರ್ಹ.

ಕುಟುಂಬದ ಬಳಕೆಯಲ್ಲಿ ಕಾಣುವ ಇತರ ಅಂಶಗಳು

ಒಂದೇ ಕಾರಿನಲ್ಲಿ ಎರಡು ಯಂತ್ರವ್ಯವಸ್ಥೆಗಳಿರುವುದರಿಂದ ಎಂಜಿನ್ ಆಯಿಲ್, ಫಿಲ್ಟರ್‌ಗಳ ಖರ್ಚು ತಪ್ಪುವುದಿಲ್ಲ. ಮೋಟಾರೇ ವೇಗ ತಗ್ಗಿಸುವ ಕಾರಣ ಬ್ರೇಕ್ ಪ್ಯಾಡ್‌ಗಳ ಸವೆತ ಮಾತ್ರ ಕಡಿಮೆ. ಎಂಜಿನ್ ತಿಂಗಳುಗಟ್ಟಲೆ ಓಡದಿದ್ದರೆ ಟ್ಯಾಂಕಿನ ಪೆಟ್ರೋಲ್ ಹಳತಾಗುತ್ತದೆ. ಆದ್ದರಿಂದ ವೋಲ್ಟ್ ಕಾರು ಆಗಾಗ ತಾನಾಗಿಯೇ ಎಂಜಿನ್ ಚಾಲೂ ಮಾಡಿ ಅದನ್ನು ಖರ್ಚು ಮಾಡುತ್ತಿತ್ತು.

ಸ್ಥಳದ ಪ್ರಶ್ನೆಯೂ ಇದೆ. ಬ್ಯಾಟರಿಯು ಡಿಕ್ಕಿಯ ಅಥವಾ ಸ್ಟೆಪ್ನಿಯ ಜಾಗವನ್ನು ಆಕ್ರಮಿಸುವುದುಂಟು. ಮೊದಲ ವೋಲ್ಟ್‌ನಲ್ಲಿ ಬ್ಯಾಟರಿ ಕಾರಿನ ನಡುವೆ ಉದ್ದಕ್ಕೂ ಹಾದುಹೋಗಿದ್ದರಿಂದ ಅದರಲ್ಲಿ ನಾಲ್ವರಿಗೆ ಮಾತ್ರ ಆಸನವಿತ್ತು. ಅಜ್ಜ-ಅಜ್ಜಿಯರೂ ಜೊತೆಗಿರುವ ಮನೆಗೆ ಇದು ಸಣ್ಣ ಕೊರತೆಯಲ್ಲ.

ಭಾರತದ ಸ್ಥಿತಿ

ನಮ್ಮಲ್ಲಿ ಇದುವರೆಗೆ ಬಂದಿರುವ ಪ್ಲಗ್-ಇನ್ ಹೈಬ್ರಿಡ್‌ಗಳು ಬಹುಮಟ್ಟಿಗೆ ಐಷಾರಾಮಿ ವರ್ಗದವು. ಇದಕ್ಕೆ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳನ್ವಯ ದೊಡ್ಡ ಹೈಬ್ರಿಡ್ ಕಾರುಗಳಿಗೆ ಶೇ. 40, ಪೂರ್ಣ ವಿದ್ಯುತ್ ಕಾರುಗಳಿಗೆ ಶೇ. 5 ತೆರಿಗೆಯಿದೆ. ಈ ಅಂತರ ತಗ್ಗಬೇಕೆಂಬ ವಾದಕ್ಕೆ ಬೆಲೆಯಿದ್ದರೂ, ಖರೀದಿಗೆ ರಿಯಾಯಿತಿ ಕೊಟ್ಟು ಬಳಕೆಯನ್ನು ಗಮನಿಸದಿದ್ದರೆ ಆಗುವುದೇನೆಂಬುದಕ್ಕೆ ನೆದರ್‌ಲೆಂಡ್ಸ್ ಉದಾಹರಣೆಯಾಗಿದೆ. ಸಿಬ್ಬಂದಿಗೆ ಕಾರು ನೀಡುವ ಸಂಸ್ಥೆಗಳಿಗೂ ಇದರಲ್ಲಿ ಪಾಠವಿದೆ: ಪೆಟ್ರೋಲಿನ ಬಿಲ್ಲಿನಂತೆಯೇ ಮನೆಯ ಚಾರ್ಜಿಂಗ್ ವೆಚ್ಚವನ್ನೂ ಭರಿಸದ ಹೊರತು ಇಂಥ ಕಾರಿನಿಂದ ಸಂಸ್ಥೆಗೆ ಉಳಿತಾಯ ಬಾರದು.

ಕೊಳ್ಳುವ ಮುನ್ನ ಕುಟುಂಬವೊಂದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸೂಕ್ತ. ರಾತ್ರಿ ಕಾರು ನಿಲ್ಲುವಲ್ಲಿ ಸ್ವಂತ ಮೀಟರಿನ ಪ್ಲಗ್ ಇದೆಯೇ? ಅಪಾರ್ಟ್‌ಮೆಂಟ್ ಆದಲ್ಲಿ ಸಂಘದ ಒಪ್ಪಿಗೆ ದೊರೆತಿದೆಯೇ? ದಿನದ ಓಟ ಬ್ಯಾಟರಿಯ ಮಿತಿಯೊಳಗಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ವಾರದ ದಿನಗಳಲ್ಲಿ ವಿದ್ಯುತ್ತಿನಲ್ಲೂ ಹಬ್ಬಕ್ಕೆ ಊರಿಗೆ ಹೋಗುವಾಗ ಪೆಟ್ರೋಲಿನಲ್ಲೂ ಓಡುವ ಈ ಕಾರು ಒಂದೇ ವಾಹನವುಳ್ಳ ಮನೆಗೆ ಹೊಂದುತ್ತದೆ. ಪ್ಲಗ್ ಇಲ್ಲದ ಮನೆಗೆ ಸಾಮಾನ್ಯ ಹೈಬ್ರಿಡ್ ಕಾರೇ ಮೇಲು.