ಕೆರೆಗೆ ಬಂದ ಮೂತಿಹುಳು

ಕುಂದಲಹಳ್ಳಿಯಿಂದ ವರ್ತೂರಿನತ್ತ ಹೋದವರು ಕೆರೆಯ ಮೇಲೆ ಹಸಿರು ಚಾಪೆಯಂತೆ ಹಬ್ಬಿದ, ತಿಳಿನೇರಳೆ ಹೂವಿನ ಹಯಸಿಂತ್ ಕಳೆಯನ್ನು ಕಂಡಿರಬಹುದು. ನೋಟಕ್ಕೆ ಚೆಲುವು, ನೀರಿಗೆ ಉರುಲು! ದಕ್ಷಿಣ ಅಮೆರಿಕದಿಂದ ಬಂದ ಈ ಪಿಡುಗಿಗೆ ಅಲ್ಲಿಯದೇ ಪುಟ್ಟ ಮೂತಿಹುಳುಗಳೆರಡು ಹಗೆಗಳು.

ಒಂದು, 1926ರಲ್ಲಿ ಹೆಸರು ಪಡೆದ ‘ನಿಯೋಕೆಟಿನಾ ಬ್ರೂಕಿ’. ಇನ್ನೊಂದನ್ನು ಹೊಸ ಪ್ರಭೇದವೆಂದು 1970ರಲ್ಲಿ ವಿವರಿಸಿ ‘ನಿಯೋಕೆಟಿನಾ ಐಕಾರ್ನಿಯೆ’ ಎಂದು ಹೆಸರಿಟ್ಟವರು ಅಮೆರಿಕದ ಕೀಟತಜ್ಞೆ ರೋಸ್ ಎಲ್ಲಾ ವಾರ್ನರ್. ಸುಮಾರು 5 ಮಿಲಿಮೀಟರ್ ಉದ್ದದ ಈ ಸೋದರರನ್ನು ಗುರುತಿಸುವುದೆಂತು? ಬೆನ್ನನ್ನು ನೋಡಿರಿ. ಬ್ರೂಕಿಯ ರೆಕ್ಕೆಗವಚದ ಮೇಲೆ ಬಾಗಿದ ತಿಳಿಗಂದು ಪಟ್ಟೆಯುಂಟು. ನಡುವೆ ಎರಡು ಗಿಡ್ಡ ಕಪ್ಪು ಗೀರುಗಳು. ಐಕಾರ್ನಿಯೆಯದು ಬೂದುಗಂದು ಬಣ್ಣ. ಗೀರುಗಳು ಉದ್ದವಾಗಿ, ತಲೆಯ ಕಡೆಗೆ ಸರಿದಿರುತ್ತವೆ.

ಇವು ನಮ್ಮ ಬೆಳೆಗಳಿಗೆ ಬಾಯಿ ಹಾಕವೆಂದು ಪರೀಕ್ಷಿಸಿದ ಮೇಲೆ ಬೆಂಗಳೂರಿನ ವಿಜ್ಞಾನಿಗಳು 1980ರ ದಶಕದಲ್ಲಿ ಇವನ್ನು ಸುತ್ತಲಿನ ಕೆರೆಗಳಿಗೆ ಬಿಟ್ಟರು. ಬೆಳೆದ ಹುಳು ಎಲೆಯನ್ನು ಕೆರೆಯುತ್ತದೆ. ಮರಿಹುಳು ತೊಟ್ಟಿನೊಳಗೆ ಕೊರೆಯುತ್ತದೆ. ಕೆಲವು ಕೆರೆಗಳಲ್ಲಿ ಕೆಲವೇ ವರ್ಷಗಳಲ್ಲಿ ಕಳೆ ಕುಗ್ಗಿತು.

ಆದರೆ ಕೊಳಚೆ ಹರಿದುಬರುವವರೆಗೆ ಕಳೆಗೆ ಗೊಬ್ಬರದ ಕೊರತೆಯಿಲ್ಲ. ಹುಳು ತನ್ನ ಪಾಲಿನ ಕೆಲಸ ಮಾಡೀತು; ಚರಂಡಿಯನ್ನು ತಡೆಯಬೇಕಾದವರು ನಾವು.